ಸ್ಟೇಶನ್ ಬಜಾರದ ಕೆಂಪು ಗಾಡಿ

ಇಪ್ಪತ್ತು ವರ್ಷ ವಿಡಿಯೋ ಗೇಮಿನ ಅಂಗಡಿ ನಡೆಸಿದವರನ್ನು ಆ ಅಂಗಡಿ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಶಟರ್ ಎಳೆದು ಎಷ್ಟೋ ವರ್ಷವಾಯಿತು, ಇವತ್ತಿಗೂ ಎಲ್ಲಿ ಹೋದರೂ ಏನಾದರೊಂದು ಆಗುತ್ತಲೇ ಇರುತ್ತದೆ.

ಹೋದ ವಾರ ತರಕಾರಿ ಬಜಾರದಲ್ಲಿ ಒಬ್ಬರು ಅಡ್ಡ ನಿಂತು ನಮಸ್ಕಾರ ಮಾಡಿದರು. ಕನ್ನಡಕ, ಅರ್ಧ ಬೆಳ್ಳಗಾದ ಮೀಸೆ, ಪಕ್ಕದಲ್ಲಿ ಹೆಂಡತಿ. "ಅಕ್ಕಾ, ಗುರುತು ಸಿಕ್ತೇನ್ರಿ?" ಅಂದರು. ಎಷ್ಟು ನೋಡಿದರೂ ಸಿಗಲಿಲ್ಲ. ಆಮೇಲೆ ಹೊಳೆಯಿತು. ನಾನು ಕೂಡುತ್ತಿದ್ದದ್ದು ಅಂಗಡಿಯ ಹಿಂದಿನ ಮೂಲೆಯಲ್ಲಿ, ಬಂದವರೆಲ್ಲ ಟಿವಿ ಕಡೆ ಮುಖ ಮಾಡಿ ಕೂಡುತ್ತಿದ್ದರು. "ಒಂದೀಟು ಹೊಳ್ಳಿ ನಿಂದ್ರಪಾ" ಅಂದೆ. ಪಾಪ, ಬಜಾರದ ನಡುವೆ ಬೆನ್ನು ಮಾಡಿ ನಿಂತರು. ಕುತ್ತಿಗೆ ನೋಡಿದ ಕೂಡಲೇ ಹೇಳಿದೆ, "ಹಾಂ, ಸಿಕ್ತು. ಎರಡನೇ ಟಿವಿ, ಕಿಟಕಿ ಕಡಿ."

ನಮ್ಮಲ್ಲಿ ಆಟಗಳು ಹತ್ತಾರಿದ್ದವು. ಜನ ಬರುತ್ತಿದ್ದದ್ದು ಮಾತ್ರ ಒಂದಕ್ಕೇ. ಅದರ ಇಂಗ್ಲಿಷ್ ಹೆಸರು ಯಾರ ನಾಲಿಗೆಗೂ ಹೊರಳಲಿಲ್ಲ. ಡಬ್ಬಿಯ ಮೇಲೆ ಕೆಂಪು ಕಾರು ಇತ್ತು, ಹಾಗಾಗಿ ನಮ್ಮ ಗಲ್ಲಿಯವರು ಅದಕ್ಕೆ ಕೆಂಪು ಗಾಡಿ ಅಂದರು. ಈಗ ಅದರ ಎಷ್ಟನೇ ಭಾಗ ನಡೆದಿದೆಯೋ ಮಾಡಿದವರಿಗೇ ಗೊತ್ತು. ನಾನು ಹೇಳುವುದು ಬಹಳಷ್ಟು ಅದರ ಬಾಲ್ಯದ ಕಥೆ. ಒಂದು ರಸ್ತೆ, ಎಲೆಕೋಸಿನಂಥ ನಾಲ್ಕು ಗಿಡ, ಇದ್ದದ್ದು ಅಷ್ಟೇ ಆಗ.

ಒಂದನೇ ಭಾಗ

ನಾನು ಕಮಲಾಪುರದಿಂದ ಮದುವೆಯಾಗಿ ಕಲಬುರಗಿಗೆ ಬಂದ ಹೊಸತು. ನಮ್ಮ ಮನೆಯವರು ಹೈದರಾಬಾದಿಗೆ ಹೊರಟಾಗ ಒಂದು ಮಿಕ್ಸರ್ ತರಲು ಹೇಳಿದ್ದೆ. ತಂದದ್ದು ಒಂದು ಕರೀ ಡಬ್ಬಿ, ಎರಡು ವೈರು, ಒಂದು ಕ್ಯಾಸೆಟ್ಟು.

"ಇದರಾಗ ಚಟ್ನಿ ಆಗ್ತದೇನ್ರಿ?" ಅಂದೆ.

"ಆಗಂಗಿಲ್ಲ," ಅಂದರು. "ಆದ್ರ ಇದು ಇದ್ರ ಮನ್ಯಾಗ ಯಾರಿಗೂ ಚಟ್ನಿ ನೆನಪಾಗಂಗಿಲ್ಲ."

ಕ್ಯಾಸೆಟ್ಟು ಅನ್ನುವ ಶಬ್ದ ನಮ್ಮ ಅತ್ತೆಯವರ ಕಿವಿಗೆ ಬಿತ್ತು. ಭಜನೆಯ ಕ್ಯಾಸೆಟ್ಟೇ ಅಂದುಕೊಂಡು ಕೈಕಾಲು ತೊಳೆದು, ತಲೆ ಮೇಲೆ ಸೆರಗು ಹೊದ್ದು ಟಿವಿ ಮುಂದೆ ಕೂತರು. ಆಟ ಶುರುವಾಗುವ ಮೊದಲು ಸಣ್ಣದೊಂದು ಸಂಗೀತ ಬರುತ್ತಿತ್ತು. ಅದಕ್ಕೆ ಅವರು ಕೈ ಮುಗಿದರು. ಕೆಂಪು ಗಾಡಿ ಬಂತು. ಮುಗಿದ ಕೈ ಇಳಿಸಲಿಲ್ಲ. ದೇವರು ಗಾಡಿಯಲ್ಲಿ ಬರುತ್ತಿರಬಹುದು ಅಂತ ಕಾಯುತ್ತಿದ್ದರು. ತಾಯಿಗೆ ಬೇಸರ ಮಾಡಬಾರದೆಂದು ಮನೆಯವರೂ ಸುಮ್ಮನೆ ಓಡಿಸಿದರು. ಗಾಡಿ ಗಿಡಕ್ಕೆ ಬಡಿದು ಹೊಗೆಯಾಡಿತು.

ಅತ್ತೆ ನಿಧಾನವಾಗಿ ಕೇಳಿದರು, "ಹೊಸಾ ಗಾಡಿ ಅಲ್ಲೇನೋ? ಪೂಜಿ ಮಾಡಿಸಿದ್ದಿಲ್ಲೇನು?"

ಮುಂದೆ ಸ್ಟೇಶನ್ ಬಜಾರದಲ್ಲಿ ನಾವು ಅಂಗಡಿ ತೆರೆದ ದಿನ ಅವರೇ ಬಂದು ಪ್ರತಿ ಟಿವಿಗೂ ನಿಂಬೆಹಣ್ಣು ಇಳಿಸಿ, ಗಾಜಿನ ಮೇಲೆ ಕುಂಕುಮ ಹಚ್ಚಿದರು. ಒರೆಸುವ ಧೈರ್ಯ ನಮಗಿರಲಿಲ್ಲ. ಮೊದಲ ಗಿರಾಕಿ ಸ್ಟೇಶನ್ನಿನ ಒಬ್ಬ ಹಮಾಲಿ. ಚೆನ್ನಾಗಿಯೇ ಓಡಿಸುತ್ತಿದ್ದವನು ಕುಂಕುಮದ ಹತ್ತಿರ ಬಂದು ಗಾಡಿ ನಿಲ್ಲಿಸಿಬಿಟ್ಟ. ಪಕ್ಕದಿಂದ ಎಲ್ಲ ಗಾಡಿಗಳೂ ದಾಟಿ ಹೋದವು. ಇವನು ಕದಲಲಿಲ್ಲ.

"ಯಾಕಪಾ ನಿಂತಿ?" ಅಂದರು ಮನೆಯವರು.

"ಸಿಗ್ನಲ್ ಬಿಟ್ಟಿಲ್ರೀ ಸಾವಕಾರ್ರ," ಅಂದ.

ಊದುವವರು

ಎರಡನೇ ಭಾಗ ಬಂದಾಗ ಕ್ಯಾಸೆಟ್ಟಿಗೆ ಒಂದು ರೋಗವೂ ಜೊತೆಗೆ ಬಂತು. ಧೂಳು ಹೋಗಲಿ ಅಂತ ಹತ್ತು ಸಲ ಬಾಯಿಂದ ಊದಿದರೂ ಆಟ ಹತ್ತುತ್ತಿರಲಿಲ್ಲ. ಮನೆಯವರು ಊದಿ ಊದಿ ಕಣ್ಣು ಕತ್ತಲೆ ಬಂದು ಕೂಡುತ್ತಿದ್ದರು. ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ನುಡಿಸುವ ಚಾಚಾ ಒಬ್ಬರು ಆಗಾಗ ಆಟ ನೋಡಲು ಬರುತ್ತಿದ್ದರು. ಒಂದು ದಿನ ಅವರು, "ಇಲ್ಲಿ ಕೊಡ್ರಿ" ಅಂತ ಇಸಿದುಕೊಂಡು ಒಂದೇ ಉಸಿರು ಊದಿದರು. ಕ್ಯಾಸೆಟ್ಟು ಹತ್ತಿತು. ಅಂದಿನಿಂದ ಚಾಚಾನ ಉಸಿರಿಲ್ಲದೆ ಕೆಂಪು ಗಾಡಿ ಹೊರಡುತ್ತಿರಲಿಲ್ಲ.

ಒಂದು ಭಾನುವಾರ ಅಂಗಡಿ ತುಂಬ ಜನ, ಕ್ಯಾಸೆಟ್ಟು ಮುನಿಸಿಕೊಂಡಿದೆ, ಚಾಚಾ ಇಲ್ಲ. ಅಷ್ಟರಲ್ಲಿ ಬೀದಿಯಲ್ಲಿ ಮೆರವಣಿಗೆಯ ಸಪ್ಪಳ. ನೋಡಿದರೆ ಬ್ಯಾಂಡಿನ ಮುಂದೆ ಚಾಚಾ, ಹಿಂದೆ ಕುದುರೆ ಮೇಲೆ ಮದುಮಗ. ಮನೆಯವರು ಕ್ಯಾಸೆಟ್ಟು ಹಿಡಿದು ಓಡಿದರು. ಚಾಚಾ ಕ್ಲಾರಿಯೋನೆಟ್ ಬಗಲಲ್ಲಿ ಸಿಕ್ಕಿಸಿ ಕ್ಯಾಸೆಟ್ಟು ಬಾಯಿಗಿಟ್ಟರು. ಬ್ಯಾಂಡು ನಿಂತಿತು. ಕುಣಿಯುವವರು ಎತ್ತಿದ ಕೈ ಎತ್ತಿದಂತೆಯೇ ನಿಂತರು. ಯಾರಾದರೂ ಈಗ ಬೈಯುತ್ತಾರೆ ಅಂತ ನಾನು ಬಾಗಿಲಲ್ಲಿ ಜೀವ ಹಿಡಿದು ನಿಂತಿದ್ದೆ.

ಮದುಮಗ ಹೂವಿನ ಪರದೆ ಸರಿಸಿ ಬಗ್ಗಿ ಕೇಳಿದ, "ಎಷ್ಟನೇ ಭಾಗ ರೀ?"

"ಎರಡನೇದು."

"ಹಂಗಿದ್ರ ಇನ್ನೊಮ್ಮೆ ಊದ್ರಿ ಚಾಚಾ," ಅಂದ. "ಅದು ಒಂದೇ ಸಲಕ್ಕ ಹತ್ತಂಗಿಲ್ಲ."

ಸೀಟಿ

ನಮ್ಮ ಗಲ್ಲಿಯ ಬಾಯಲ್ಲೇ ಕಮಲಾಪುರಕ್ಕೆ ಹೋಗುವ ಖಾಸಗಿ ಬಸ್ಸೊಂದು ನಿಲ್ಲುತ್ತಿತ್ತು. ಅದರ ಡ್ರೈವರ್ ಕಾಕಾ ಎರಡು ಟ್ರಿಪ್ಪಿನ ನಡುವೆ ಬಂದು ಕೆಂಪು ಗಾಡಿ ಹಿಡಿಯುತ್ತಿದ್ದರು. ಅಷ್ಟು ನಿಧಾನ ಓಡಿಸಿದವರನ್ನು ನಾನು ಕಂಡಿಲ್ಲ. ತಿರುವು ಬಂದರೆ ಬ್ರೇಕು, ಸೇತುವೆ ಬಂದರೆ ಬ್ರೇಕು. ಪ್ರತಿ ಸಲ ಕಡೇ ನಂಬರು.

"ಕಾಕಾ, ಇದು ರೇಸ್ ಅದರೀ. ಜೋರ್ ಬಿಡ್ರಿ," ಅನ್ನುತ್ತಿದ್ದರು ಮನೆಯವರು.

"ಹ್ಯಾಂಗ ಬಿಡ್ಲೆಪಾ," ಅನ್ನುತ್ತಿದ್ದರು ಕಾಕಾ. "ಮೂವತ್ತು ವರ್ಷ ಬೆನ್ನ ಹಿಂದ ಜನಾ ಕೂಡಿಸ್ಕೊಂಡು ಓಡಿಸೀನಿ. ಕಾಲು ಕೇಳಂಗಿಲ್ಲ."

ಒಂದು ಮಧ್ಯಾಹ್ನ ನಾನು ತವರಿಗೆ ಹೋಗಲು ಅದೇ ಬಸ್ಸಿನಲ್ಲಿ ಚೀಲ ಇಟ್ಟು, ಮನೆಯವರಿಗೆ ಹೇಳಿ ಬರೋಣ ಅಂತ ಅಂಗಡಿಗೆ ಬಂದೆ. ಕಾಕಾ ಎರಡನೇ ಭಾಗ ಆಡುತ್ತಿದ್ದರು. ಅವತ್ತು ಅವರ ಕಾಲು ಅದು ಹೇಗೆ ಮಾತು ಕೇಳಿತೋ, ಎಲ್ಲರನ್ನೂ ಹಿಂದೆ ಹಾಕಿ ಮುಂದಿದ್ದರು. ಜೀವನದಲ್ಲಿ ಮೊದಲ ಸಲ. ಅಂಗಡಿಯಲ್ಲಿ ಎಲ್ಲರೂ ಎದ್ದು ನಿಂತು ಕೂಗುತ್ತಿದ್ದರು. ಬಸ್ಸಿನ ಹೊತ್ತು ಮೀರಿತು. ಕಂಡಕ್ಟರು ಹುಡುಕಿಕೊಂಡು ಬಂದ, ಅವನ ಹಿಂದೆ ಪ್ರಯಾಣಿಕರೂ ಬಂದರು. ಬೈಯಲು ಬಂದವರು ಪರದೆ ನೋಡಿ ಅಲ್ಲೇ ನಿಂತರು. ಗೆಲ್ಲಲು ಒಂದೇ ತಿರುವು ಬಾಕಿ. ಅಷ್ಟು ಜನರಲ್ಲಿ ತನ್ನ ಕೂಗು ಯಾರಿಗೂ ಕೇಳುವುದಿಲ್ಲವೆಂದು ಕಂಡಕ್ಟರು ಬಾಯಿಗೆ ಸೀಟಿ ಇಟ್ಟು ಒಂದು ಊದು ಊದಿದ.

ಒಂದು ಸೀಟಿ ಅಂದರೆ ಬಸ್ಸು ನಿಲ್ಲಿಸು ಅಂತ. ಕಾಕಾ ಬ್ರೇಕ್ ಹಾಕಿದರು.

ಕೆಂಪು ಗಾಡಿ ನಡುರಸ್ತೆಯಲ್ಲಿ ನಿಂತಿತು. ಕಂಡಕ್ಟರಿಗೆ ತಾನೇನು ಮಾಡಿದೆ ಅಂತ ಆಮೇಲೆ ತಿಳಿಯಿತು. ಗಾಬರಿಯಲ್ಲಿ ಎರಡು ಸೀಟಿ ಊದಿ, "ರೈಟ್, ರೈಟ್" ಅಂದ. ಗಾಡಿ ಹೊರಟಿತು. ಅಷ್ಟರಲ್ಲಿ ಹಿಂದಿನದೊಂದು ದಾಟಿಹೋಗಿತ್ತು. ಎರಡನೇ ನಂಬರು. ಪ್ರಯಾಣಿಕರು ಚಪ್ಪಾಳೆ ತಟ್ಟಿ, ಕಾಕಾನ ಬೆನ್ನು ಸವರಿ ಕರೆದುಕೊಂಡು ಬಂದು ಬಸ್ಸಿಗೆ ಹತ್ತಿಸಿದರು.

ಕಮಲಾಪುರ ಮುಟ್ಟುವತನಕ ಕಾಕಾನ ಸಿಟ್ಟು ಇಳಿಯಲಿಲ್ಲ. ಕಂಡಕ್ಟರು ಸೀಟಿ ಊದಿದಾಗಲೆಲ್ಲ ಹೊರಳಿ ನೋಡಿ ಕೇಳುತ್ತಿದ್ದರು, "ಖರೇನೇ ನಿಂದರಸ್ಲೇನು?"

ಖಾಲಾ

ಮೂರನೇ ಭಾಗದೊಂದಿಗೆ ಸ್ಟೇರಿಂಗು, ಕಾಲ ಕೆಳಗೆ ಪೆಡಲ್ಲು ಬಂದವು. ಮೋಮಿನಪುರದ ದರ್ಜಿ ಸಾಹೇಬರು ಅದಕ್ಕೆ ಮರುಳಾದರು. ಅದೂ ರಂಜಾನ್ ಹಬ್ಬ ಹತ್ತಿರ ಬಂದು, ಮನೆ ತುಂಬ ಶೇರವಾನಿಯ ಬಟ್ಟೆ ಬಿದ್ದಿರುವಾಗ. ಗಂಡ ಹೆಂಡತಿ ಇಬ್ಬರೂ ಕೂಡಿ ಹೊಲಿಯುವವರು. ಎರಡು ದಿನ ನೋಡಿ ಮೂರನೇ ದಿನ ಅವರ ಹೆಂಡತಿ, ಗಲ್ಲಿಗೆಲ್ಲ ಖಾಲಾ, ಬುರ್ಖಾ ಹಾಕಿಕೊಂಡು ಅಂಗಡಿಗೇ ಬಂದರು.

"ಹಮಾರೆ ಸಾಬ್ ಇಲ್ಲೇ ಅದಾರೇನ್ರಿ ಅಕ್ಕಾ?"

ಸಾಹೇಬರು ತಿರುವಿನಲ್ಲಿದ್ದರು. ಖಾಲಾ ಹಿಂದೆ ನಿಂತು ನೋಡಿದರು. ಗಾಡಿ ಗೋಡೆಗೆ ಬಡಿಯಿತು. ಮತ್ತೆ ಹೊರಟಿತು, ಮತ್ತೆ ಬಡಿಯಿತು.

"ಉಠೋ ಜೀ," ಅಂದರು ಖಾಲಾ. ಮನೆಗೆ ಕರೆಯುತ್ತಿದ್ದಾರೆಂದು ಸಾಹೇಬರು ತಲೆ ತಗ್ಗಿಸಿ ಎದ್ದರು. ಖಾಲಾ ಆ ಕುರ್ಚಿಯಲ್ಲಿ ಕೂತುಬಿಟ್ಟರು. ಚಪ್ಪಲಿ ಬಿಟ್ಟು, ಹೊಲಿಗೆ ಮಶೀನು ತುಳಿಯುವಂತೆ ಎರಡೂ ಕಾಲು ಪೆಡಲ್ಲಿನ ಮೇಲಿಟ್ಟರು. ಬಟ್ಟೆ ಸರಿಸಿದಂತೆ ಸ್ಟೇರಿಂಗು ಮೆಲ್ಲಗೆ ಸರಿಸಿದರು. ಗಾಡಿ ಒಂದೇ ಒಂದು ಕಡೆಯೂ ತಾಗದೆ ಗುಡ್ಡ ಏರಿ ಇಳಿಯಿತು.

"ಶೇರವಾನಿ ಕಾಲರ್ ಹೊಲಿಯೋದು ಇದಕ್ಕಿಂತ ಕಠಿಣ ಅದ," ಅಂದರು.

ಮರುದಿನದಿಂದ ಅವರವರಲ್ಲೇ ಒಪ್ಪಂದವಾಯಿತು. ಸಂಜೆ ರೋಜಾ ಉಪವಾಸ ಬಿಟ್ಟ ಮೇಲೆ ಒಬ್ಬರು ಮನೆಯಲ್ಲಿ ಹೊಲಿಯಬೇಕು, ಒಬ್ಬರು ಇಲ್ಲಿ ಓಡಿಸಬೇಕು. ತಾಸಿಗೊಮ್ಮೆ ಪಾಳಿ ಬದಲು. ಬರುವಾಗ ಒಬ್ಬರಿಗೊಬ್ಬರು ಚಹಾದ ಫ್ಲಾಸ್ಕು ತರುತ್ತಿದ್ದರು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ತಾವಿಬ್ಬರೂ ಹೊರಗೆ ಕೂತು ಚಹಾ ಕುಡಿದದ್ದೇ ಈಗ ಅಂತ ಖಾಲಾ ಒಮ್ಮೆ ನನಗೆ ಹೇಳಿದ್ದರು.

ಹಬ್ಬದ ಹಿಂದಿನ ರಾತ್ರಿ ಒಬ್ಬ ಗಿರಾಕಿ ಶೇರವಾನಿ ತೊಟ್ಟುಕೊಂಡೇ ಅಂಗಡಿಗೆ ಬಂದ. ಕಾಲರ್ ಕನ್ನಡಿಯ ಹಾಗೆ ಕೂತಿತ್ತು. ಎಡ ತೋಳು ಮಾತ್ರ ಬೆರಳು ಮುಚ್ಚಿ ಇಳಿಬಿದ್ದಿತ್ತು. "ಖಾಲಾ, ಇದು ಏನ್ರಿ?" ಅಂದ. ಫ್ಲಾಸ್ಕು ಹಿಡಿದು ನಿಂತಿದ್ದ ಸಾಹೇಬರು ತಲೆ ಎತ್ತಿ ಮೇಲಿನ ಛತ್ತು ನೋಡತೊಡಗಿದರು.

ಖಾಲಾ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು, "ಕಾಲರ್ ನಂದು, ತೋಳು ಇವರದು. ತಿರುವಿನಾಗ ಬ್ರೇಕ್ ಹಾಕೋದು ಇವರಿಗಿ ಇನ್ನಾ ಬಂದಿಲ್ಲ."

ಆಟ ಮುಗಿದ ಮೇಲೆ ಅಲ್ಲೇ ಕೂತು ತೋಳು ಬಿಚ್ಚಿ ಸರಿಮಾಡಿ ಕಳಿಸಿದರು.

ಮಾತು

ಮೊಬೈಲು ಬಂದ ಮೇಲೆ ಅಂಗಡಿ ಮುಚ್ಚಿದೆವು. ಎರಡು ವರ್ಷದ ಕೆಳಗೆ ಮನೆಯವರಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಸೇಡಂ ರಸ್ತೆಯ ಒಂದು ಆಸ್ಪತ್ರೆಯಲ್ಲಿ ಹನ್ನೆರಡು ದಿನ. ದಿನವಿಡೀ ಮಾತಾಡುತ್ತಿದ್ದ ಮನುಷ್ಯ ಛತ್ತು ನೋಡುತ್ತ ಮಲಗಿರುತ್ತಿದ್ದರು. ಡಾಕ್ಟರಮ್ಮ ದಿನಾ ಬಂದು ಪೆನ್ನು ತೋರಿಸಿ, "ಇದೇನ್ರಿ?" ಅನ್ನುತ್ತಿದ್ದರು. ಉತ್ತರವಿಲ್ಲ. ನನ್ನನ್ನು ತೋರಿಸಿ, "ಇವರು ಯಾರ್ರಿ?" ಅನ್ನುತ್ತಿದ್ದರು. ಅದಕ್ಕೂ ಇಲ್ಲ. ನಾನು ಹೊರಗೆ ನೀರು ತರುವ ನೆಪದಲ್ಲಿ ಹೋಗಿ ಅತ್ತು ಬರುತ್ತಿದ್ದೆ.

ಹದಿಮೂರನೇ ದಿನ ಕಮಲಾಪುರದಿಂದ ನನ್ನ ತಮ್ಮ ಬಂದ, ಹೊಲದ ಕೆಂಪು ಬಾಳೆಯ ಗೊನೆ ಹೊತ್ತು. ಭಾವನ ಮುಂದೆ ಏನು ಮಾತಾಡಬೇಕೋ ತಿಳಿಯದೆ ಮೊಬೈಲು ತೆಗೆದು, "ಭಾವಾ, ಕೆಂಪು ಗಾಡಿ ಹೊಸಾದು ಬಂದದ, ನೋಡ್ರಿ" ಅಂತ ಅವರ ಕಣ್ಣಿಗೆ ಕಾಣುವ ಹಾಗೆ ಹಿಡಿದು ಆಡತೊಡಗಿದ. ನನ್ನ ತಮ್ಮ ಬಾಳೆ ಬೆಳೆಯುವುದರಲ್ಲಿ ಗಟ್ಟಿಗ, ಆಟದಲ್ಲಿ ಅಲ್ಲ. ರಸ್ತೆ ಎಡಕ್ಕೆ ಹೋದರೆ ಇವನು ಬಲಕ್ಕೆ ಹೋಗಿ ಕೆರೆಗೆ ಬೀಳುತ್ತಿದ್ದ. ಒಂದು ಸಲ, ಎರಡು ಸಲ, ಐದು ಸಲ. ಮನೆಯವರ ಎಡಗೈ ಹಾಸಿಗೆ ಹಿಂಡಿತು. ಮುಖ ಕೆಂಪಾಯಿತು. ಆರನೇ ಸಲ ಬಲಕ್ಕೆ ಹೊರಳುತ್ತಿದ್ದಂತೆ ಸೊಟ್ಟ ಬಾಯಿಂದ ಮಾತು ಹೊರಬಿತ್ತು:

"ಎಡಕ್ಕ... ಎಡಕ್ಕ ಹೊಳ್ಳಸೋ ಕತ್ತಿ!"

ನಮ್ಮ ಕಡೆ ಕತ್ತೆಗೆ ಕತ್ತಿ ಅನ್ನುತ್ತಾರೆ. ತಮ್ಮನ ಕೈಯಿಂದ ಮೊಬೈಲು ಬಿತ್ತು. ಡಾಕ್ಟರಮ್ಮ ಬಂದು ಕೇಳಿ ನಕ್ಕರು. "ಬೈಗುಳ ಬಂತಲ್ಲ, ಉಳಿದ ಮಾತೂ ಬರ್ತಾವ" ಅಂದರು. ತಮ್ಮ ವರಾಂಡಾದಲ್ಲಿ ನಿಂತು ಅಳುತ್ತ ಕಮಲಾಪುರಕ್ಕೆಲ್ಲ ಫೋನು ಹಚ್ಚಿದ, "ಭಾವ ನನಗ ಕತ್ತಿ ಅಂದ್ರು! ಸ್ವಚ್ಛಾಗಿ ಕತ್ತಿ ಅಂದ್ರು!"

ಮರುದಿನ ಬಂಧುಬಳಗವೆಲ್ಲ ಬಂದಿಳಿಯಿತು. ಎಲ್ಲರಿಗೂ ಆ ಮಾತು ಕಿವಿಯಾರೆ ಕೇಳಬೇಕು. ಚಿಕ್ಕಪ್ಪ ಹಾಸಿಗೆ ಹತ್ತಿರ ಬಗ್ಗಿ, "ನನಗೊಮ್ಮೆ ಅನ್ನಪಾ" ಅಂದರು. ಮನೆಯವರು ಅಂದರು. ಚಿಕ್ಕಪ್ಪ ಕಣ್ಣೊರೆಸಿಕೊಂಡು ಸರಿದರು. ಹೀಗೆ ಒಬ್ಬೊಬ್ಬರೇ ಪಾಳಿ ಹಚ್ಚಿ, ಕತ್ತೆ ಅನ್ನಿಸಿಕೊಂಡು, ಬಾಳೆಹಣ್ಣು ತಿಂದು ಹೋದರು.

ಕಡೆಗೆ ನಮ್ಮ ಅವ್ವ ಕೋಲೂರಿಕೊಂಡು ಮುಂದೆ ಬಂದಳು. ಹೆಣ್ಣು ಕೊಟ್ಟ ಅತ್ತೆಯೆಂದರೆ ಮನೆಯವರಿಗೆ ಮೊದಲಿನಿಂದಲೂ ಬಹಳ ಮರ್ಯಾದೆ. ಮದುವೆಯಾದಾಗಿನಿಂದ ಒಂದು ದಿನ ಏಕವಚನ ಆಡಿದವರಲ್ಲ, ಅವಳೆದುರು ಕಾಲು ಚಾಚಿ ಕೂತವರಲ್ಲ. ಅವ್ವ ಅವರ ತಲೆ ಸವರಿ, "ನನಗೂ ಒಮ್ಮೆ ಅನ್ರಿ, ಅಳಿಯಂದಿರ. ಕೇಳಿ ಊರಿಗಿ ಹೋಗ್ತೀನಿ," ಅಂದಳು.

ಮನೆಯವರು ಬಹಳ ಇಕ್ಕಟ್ಟಿಗೆ ಬಿದ್ದರು. ನನ್ನ ಮುಖ ನೋಡಿದರು, ಅವ್ವನ ಮುಖ ನೋಡಿದರು. ಚಾಚಿದ್ದ ಕಾಲು ಮೆಲ್ಲಗೆ ಮಡಚಿಕೊಂಡರು. ಆಮೇಲೆ, ತುಸು ತಲೆ ಬಾಗಿಸಿ, ಬಹಳ ಕಷ್ಟದಿಂದ ಅಂದರು:

"ಕತ್ತಿ... ರೀ."