ಪುಕ್ಕಟೆ ವಕೀಲರೂ ನನ್ನ ವಲ್ಲಿಯೂ

ಪುಕ್ಕಟೆ ಸಿಗುವ ಎರಡು ವಸ್ತುಗಳನ್ನು ನಾನು ನಂಬುವುದಿಲ್ಲ. ಒಂದು, ಕೊಡುವವನೇ ಮನೆತನಕ ಹೊಡೆದುಕೊಂಡು ಬಂದು ಬಿಡುತ್ತೇನೆಂದ ಎಮ್ಮೆ. ಇನ್ನೊಂದು, ಸಲಹೆ. ಎರಡನೆಯದನ್ನು ನಾನೇ ಊರಿಗೆಲ್ಲ ಹಂಚುವುದರಿಂದ ಅದರ ಗುಣ ನನಗೆ ಚೆನ್ನಾಗಿ ಗೊತ್ತು. ಸುತ್ತಲಿನ ಸಂತೆಗಳಲ್ಲಿ ದನದ ದಲಾಲಿ ಮಾಡಿ ಮೇಲೆ ಬಂದವನು ನಾನು. ಹೆಗಲ ಮೇಲಿನ ವಲ್ಲಿಯನ್ನು, ಎಂದರೆ ಶಲ್ಯವನ್ನು, ಇಬ್ಬರ ಕೈಗಳ ಮೇಲೆ ಮುಚ್ಚಿ, ಹಿಡಿದ ಬೆರಳಿನ ಲೆಕ್ಕದಲ್ಲೇ, ಬಾಯಿ ಬಿಡದೆ ರೇಟು ಹೇಳುವುದು ನಮ್ಮ ಪದ್ಧತಿ. ವಲ್ಲಿಯ ಕೆಳಗೆ ಮುಗಿಯದ ವ್ಯವಹಾರ ಜಗತ್ತಿನಲ್ಲಿಲ್ಲ. ಒಮ್ಮೆ ಮದುವೆಯ ಮಾತುಕತೆಯಲ್ಲೂ ವಲ್ಲಿ ಹಾಕಿದ್ದೆ. ಬೀಗರು ಎದ್ದು ಹೋದರು, ಅದು ಬೇರೆ ಮಾತು.

ಬಾಜು ಮನೆಯ ಮಲ್ಲೇಶಿ, ನಮ್ಮೂರ ಗೌಡರ ಟ್ರ್ಯಾಕ್ಟರಿಗೆ ಡ್ರೈವರ್. ಲೈಸೆನ್ಸ್ ಇಲ್ಲದೆ ಓಡಿಸಿದನೆಂದು ಪೊಲೀಸರು ಕೇಸು ಹಾಕಿದ ದಿನ ನಮ್ಮ ಕಟ್ಟೆಗೆ ಬಂದು ಕುಳಿತ.

"ಕಾಕಾ, ಕೇಸು ಗಟ್ಟಿ ಆದ್ರ ಗೌಡ್ರು ಬ್ಯಾರೆದವನ್ನ ಸೀಟ್ ಮ್ಯಾಲೆ ಕುಂದ್ರಸ್ತಾರಂತ್ರಿ."

"ತಪ್ಪು ಒಪ್ಪಿಕೊಂಡ್ ಬಿಡಲೇ. ಮೊದಲ ಒಪ್ಪಿಕೊಂಡವಗ ರಿಯಾಯ್ತಿ ಇರ್ತೈತಿ," ಎಂದೆ.

ಯಾವ ಕಾಯಿದೆಯಲ್ಲಿ ಎಂದು ಅವನು ಕೇಳಲಿಲ್ಲ. ತನ್ನ ಮನೆಯೊಳಗಿನಿಂದಲೇ ಕೇಳಿಸಿಕೊಂಡವಳಂತೆ ಅವನ ಅವ್ವ ಗಂಗವ್ವ ಬಂದೇ ಬಿಟ್ಟಳು. "ನಿಮ್ದು ಸಂತಿ ಬುದ್ಧಿರಿ. ಕುಂದಗೋಳ ಸಾಲ್ಯಾಗ ಡ್ರೈವರ್ ಮಂದಿಗೆ ಪುಕ್ಕಟೆ ವಕೀಲರು ಬಂದಾರಂತ. ಅಲ್ಲಿಗೆ ಕರ್ಕೊಂಡು ಹೋಗ್ರಿ."

ಶಾಲೆಯ ಪಡಸಾಲೆಯಲ್ಲಿ ಮೀಸೆ ಈಗಷ್ಟೇ ಚಿಗುರಿದ ವಕೀಲರೊಬ್ಬರು ಕುಳಿತಿದ್ದರು. ಪುಕ್ಕಟೆ ಎಂದರೆ ರೇಟು ಒಳಗಿದೆ ಎಂದೇ ಅರ್ಥ. ವಲ್ಲಿ ತೆಗೆದು ಅವರ ಕೈಮೇಲೆ ಹಾಕಿ ಬೆರಳು ಹಿಡಿದೆ. ಅವರು ಇದೇನೋ ಹಳ್ಳಿಯ ಮರ್ಯಾದೆ ಎಂದುಕೊಂಡು ನನ್ನ ಐದೂ ಬೆರಳು ಸೇರಿಸಿ ಗಟ್ಟಿಯಾಗಿ ಹಿಡಿದರು. ಇಷ್ಟು ದೊಡ್ಡ ರೇಟೇ! ನಾನು ಬೆರಳು ಬಿಡಿಸಿಕೊಂಡೆ.

"ಇದೇನ್ರಿ ಕಾಕಾ?"

"ನಿಮ್ಮ ರೇಟ್ರಿ."

ಅವರು ವಲ್ಲಿ ಮಡಚಿ ನನ್ನ ಹೆಗಲಿಗೇ ಹಾಕಿ, ಮಲ್ಲೇಶಿಯನ್ನು ಕೇಳಿದರು. "ಲೈಸೆನ್ಸ್ ತಗಸೀಯೇನು?"

"ತಗಸೇನ್ರಿ."

"ಎಲ್ಲಿ ಅದ?"

"ದೇವರ ಜಗಲಿ ಮ್ಯಾಲೆ ಐತ್ರಿ. ದಸರಾ ಖಂಡೆ ಪೂಜಿಗೆ ಅವ್ವ ಕುಂಕುಮ ಹಚ್ಚಿ ಇಟ್ಟಾಳ. ಅಲ್ಲಿಂದ ಇಳಿಸಿದ್ರ ಗಾಡಿಗೆ ಕೆಟ್ಟ ಅಂತಾಳ್ರಿ."

"ಪೊಲೀಸರಿಗೆ ಹೇಳಲಿಲ್ಲೇನು?"

"ಅವ್ರು ಕಿಸೇದಾಗ ಐತೇನಂದ್ರು. ಇಲ್ಲ ಅಂದೆ."

ಜೊತೆಗಿಲ್ಲದ್ದು ಬೇರೆ, ಲೈಸೆನ್ಸೇ ಇಲ್ಲದ್ದು ಬೇರೆ. ತಂದು ತೋರಿಸಲು ಕಾಯಿದೆ ಕೆಲವು ದಿನ ಕೊಡುತ್ತದೆ, ಅದಿನ್ನೂ ಮುಗಿದಿಲ್ಲ ಎಂದರು ವಕೀಲರು. "ಹಂಗಾದ್ರ ತಪ್ಪು ಒಪ್ಪಿಕೊಳ್ಳೋದು ಬ್ಯಾಡೇನ್ರಿ?" ಎಂದ ಮಲ್ಲೇಶಿ. "ಒಪ್ಪಿಕೋ ಅಂತ ಯಾರು ಹೇಳಿದ್ರು?" ಮಲ್ಲೇಶಿ ನನ್ನನ್ನು ನೋಡಿದ. ನಾನು ಮೇಲಿನ ಹಂಚು ನೋಡಿದೆ. ಹಲ್ಲು ನೋಡದೆ ಎತ್ತಿಗೆ ಕೈ ಹಾಕಿದವನಲ್ಲ ನಾನು. ಇವನಿಗೆ ಲೈಸೆನ್ಸ್ ಇದೆಯೋ ಎಂದೇ ಕೇಳಿರಲಿಲ್ಲ.

ಅದೇ ಸಂಜೆ ಠಾಣೆಯಲ್ಲಿ ಪೊಲೀಸರು, ಜಗಲಿಯಿಂದ ಇಳಿಸಿ ತಂದ ಲೈಸೆನ್ಸಿನ ಕುಂಕುಮ ಒರೆಸಿ ಹೆಸರು ಓದಿದರು. ಮಲ್ಲೇಶಿಯ ಸೀಟು ಉಳಿಯಿತು. ಈಗ ಡ್ರೈವರ್ ಮಂದಿಗೆಲ್ಲ ನಾನೇ ಹೇಳುತ್ತೇನೆ, ಪುಕ್ಕಟೆ ವಕೀಲರನ್ನು ತಪ್ಪದೆ ಕಾಣಿರಿ, ಆದರೆ ಬಸ್ಸಿಗೆ ಹೋಗಿರಿ. ನಾವು ನನ್ನ ಮೊಪೆಡ್ ಮೇಲೆ ಹೋಗಿದ್ದೆವು. ಅಂದು ಶಾಲೆಯಿಂದ ಹೊರಡುವಾಗ ವಕೀಲರು ಗೇಟಿನತನಕ ಬಂದು ನಕ್ಕರು. "ಕಾಕಾ, ನಿಮ್ಮ ಲೈಸೆನ್ಸ್ ಯಾವ ಜಗಲಿ ಮ್ಯಾಲೆ ಅದರಿ?"

"ಗಾಡಿ ಕೆಟ್ಟೈತ್ರಿ," ಎಂದು ಹೇಳಿ, ಅವರು ಕಣ್ಮರೆಯಾಗುವತನಕ ನೂಕಿಕೊಂಡೇ ನಡೆದೆ. ಹಿಂದಿನಿಂದ ನೂಕುತ್ತಿದ್ದ ಮಲ್ಲೇಶಿ ಮೆಲ್ಲಗೆ ಅಂದ, "ಒಪ್ಪಿಕೊಂಡ್ ಬಿಡ್ರಿ ಕಾಕಾ, ರಿಯಾಯ್ತಿ ಇರ್ತೈತಿ."