ಬಾಗಿಲಾಚೆ ಬಿಟ್ಟ ಬೂಟುಗಳ ವಿಷಯವಾಗಿ ಚಿತ್ರನಿರ್ದೇಶಕರಿಗೆ

ನಗೆಚಿತ್ರಗಳ ಚಕ್ರವರ್ತಿಗಳಾದ ಮಾನ್ಯರೇ,

ಬೂಟು ಒರೆಸುವ ಕೈಯಿಂದ ಬರೆದ ಈ ಕಾಗದದಲ್ಲಿ ಪಾಲಿಶಿನ ಕಲೆ ಕಂಡರೆ ಮನ್ನಿಸಬೇಕು. ತಾವು ನಮ್ಮ ಮಾರ್ಕಿ ದೊರೆಗಳ ಬೇಟೆ ಬಂಗಲೆಯಲ್ಲಿ ಆರು ವಾರ ಬೀಡುಬಿಟ್ಟು ತೆಗೆದ ಚಿತ್ರವನ್ನು, ಅದು ಓರ್ಲೆಯಾಂ ಪಟ್ಟಣಕ್ಕೆ ಬಂದ ಮೊದಲ ದಿನವೇ, ನನ್ನ ಹೆಂಡತಿ ಲೆಯೊಂತೀನಳೊಂದಿಗೆ ನೋಡಿ ಧನ್ಯನಾದೆ.

ದೊಡ್ಡವರ ಭಾಗ ಅಪ್ಪಟ ಸತ್ಯ. ದೊರೆಸಾನಿ ಅತಿಥಿಯೊಬ್ಬರ ತೋಳಿನಲ್ಲಿ ಸಿಕ್ಕಿಬಿದ್ದಾಗ ನಮ್ಮ ದೊರೆಗಳೂ "ಬನ್ನಿ ಸ್ವಾಮಿ, ಸೂಪು ಆರಿಹೋಗುತ್ತೆ" ಎಂದು ಆತನ ಹೆಗಲ ಮೇಲೆ ಕೈಹಾಕಿ ಊಟಕ್ಕೆ ಕರೆದೊಯ್ದಿದ್ದರು. ಇಷ್ಟು ಮರ್ಯಾದೆಯ ಹಾದರಕ್ಕೆ ಏಳು ತಲೆಮಾರಿನ ವಂಶಾವಳಿ ಬೇಕು.

ನನ್ನ ತಕರಾರು ಆಳಿನ ಭಾಗದ್ದು. ಬಂಗಲೆಯಲ್ಲಿ ಮಲಗುವವರು ಬೂಟನ್ನು ಬಾಗಿಲಾಚೆ ಬಿಡುತ್ತಾರೆ. ಯಾರ ಬೂಟು ಯಾರ ಬಾಗಿಲಲ್ಲಿ ಸಿಕ್ಕರೂ, ಅವರು ಏಳುವುದರೊಳಗೆ ಪಾಲಿಶ್ ಹಾಕಿ ಅವರವರ ಬಾಗಿಲಿಗೇ ಸೇರಿಸುವುದು ಇಪ್ಪತ್ತೆರಡು ವರ್ಷಗಳಿಂದ ನನ್ನ ಕೆಲಸ. ಒಮ್ಮೆ ಊರಿಗೆ ಹೋಗಿ ಬೆಳಗಿನ ಬಂಡಿಗೆ ಮರಳಿದಾಗ, ಅಟ್ಟದ ಮೇಲಿನ ನನ್ನದೇ ಕೋಣೆಯ ಬಾಗಿಲಲ್ಲಿ ದೊರೆಗಳ ಬೂಟು ಕಂಡವು. ಪಾಪ, ಆಳಿನ ಹೆಂಡತಿಯ ಬಳಿಗೆ ಕದ್ದು ಬಂದಾಗಲೂ ಹುಟ್ಟಿನ ಅಭ್ಯಾಸ ಬಿಡಲಿಲ್ಲ! ನಾನು ಅವನ್ನು ಒರೆಸಿ ಅವರ ಬಾಗಿಲಿಗೆ ಸೇರಿಸಿದೆ. ತಿಂಡಿಯ ಹೊತ್ತಿಗೆ ದೊರೆಗಳು, "ಎಡಗಾಲಿಂದು ಇನ್ನೊಂಚೂರು ಹೊಳೀಬೇಕಿತ್ತಲ್ಲೋ ಅನ್ಸೆಲ್ಮ್" ಎಂದರು, ಅಷ್ಟೇ. ಉಗ್ರಾಣದಲ್ಲಿ ಕೂತು ಅತ್ತೆ.

ತಮ್ಮ ಚಿತ್ರದ ಆಳಾದರೋ ತನ್ನ ಕೋಣೆಯ ಬಾಗಿಲಲ್ಲಿ ಕಂಡ ಅದೇ ಬೂಟನ್ನು ಯಜಮಾನನ ತಲೆಗೆ ಬೀಸಿ, ಮೇಜಿನ ಸುತ್ತ ಅಟ್ಟಿಸಿಕೊಂಡು ಹೋಗುತ್ತಾನೆ. ಜನ ಬಿದ್ದು ಬಿದ್ದು ನಗುತ್ತಾರೆ. ಅಂಥ ಆಳು ತಮಗೆಲ್ಲಿ ಸಿಕ್ಕ? ಆ ನಟನ ಬಲಗೈಯನ್ನು ಒಂದು ಬೆಳಗಿನ ಮಟ್ಟಿಗೆ ಪಾರ್ಸೆಲ್ ಮಾಡಿ ಕಳಿಸಿದರೆ, ಕೆಲಸ ಮುಗಿಸಿ, ಉಗುರು ತೆಗೆದು ಮರಳಿಸುವೆ.

ಈ ಸಂಗತಿ ನಮ್ಮ ಮೂವರಿಗಷ್ಟೇ ಗೊತ್ತಿತ್ತು. ನಾನು ಬಾಯಿ ಬಿಟ್ಟಿಲ್ಲ. ದೊರೆಗಳಿಗೆ ಇದು ಹೇಳಿಕೊಳ್ಳುವಷ್ಟು ದೊಡ್ಡ ವಿಷಯವೂ ಅಲ್ಲ. ಆದರೆ ತೆರೆಯ ಮೇಲೆ ಬೂಟು ಕಾಣುವುದಕ್ಕೆ ಮೊದಲೇ ಲೆಯೊಂತೀನ್ ನನ್ನ ಪಕ್ಕೆಗೆ ತಿವಿದು, "ನೋಡ್ರೀ, ಈಗ ಬರುತ್ತೆ ಮಜಾ!" ಎಂದಳು. ಇಡೀ ಚಿತ್ರದಲ್ಲಿ ನನಗೆ ಅರ್ಥವಾದ ಮಾತು ಅದೊಂದೇ.

ನಗಲು ಇನ್ನೂ ಕಲಿಯುತ್ತಿರುವ,
ತಮ್ಮ ವಿಶ್ವಾಸಿ,
ಅನ್ಸೆಲ್ಮ್ ಬ್ರೆಶಾರ್

ಮರೆತ ಮಾತು: ತಮ್ಮ ಮುಂದಿನ ಚಿತ್ರದಲ್ಲಿ ತನಗೆ ರಾಣಿಯ ಪಾತ್ರವಿದೆಯೆಂದು ಲೆಯೊಂತೀನ್ ಶನಿವಾರದ ರೈಲಿಗೆ ಪ್ಯಾರಿಸಿಗೆ ಹೊರಟಿದ್ದಾಳೆ. ನಾನು ತಡೆದಿಲ್ಲ. ತಾವು ಮಾತ್ರ ಅವಳ ಕೋಣೆಗೆ ಹೋದಾಗ ಬೂಟನ್ನು ಒಳಗೇ ಇಟ್ಟುಕೊಳ್ಳಿ. ಅವನ್ನು ಒರೆಸಿಟ್ಟು ಬಾಯಿ ಮುಚ್ಚಿಕೊಂಡಿರುವ ಗಂಡ ಅಲ್ಲಿ ಸಿಗುವುದಿಲ್ಲ.