ನಲವತ್ತು ಜಾಕೆಟ್‌ಗಳ ವಿಶ್ರಾಂತಿ

ಸಾಮಾನು ಎಷ್ಟೇ ಇರಲಿ, ಅದು ಜಾಗ ತಿನ್ನಕೂಡದು ಎಂಬುದು ಕೆ.ಜಿ.ಎಫ್.ನ ಕಾರ್ಖಾನೆಯೊಂದರ ಉಗ್ರಾಣದ ಮೂಲ ನಿಯಮವಾಗಿದೆ. ಇದರ ಪಾಲನೆಗಾಗಿ ಉಗ್ರಾಣಾಧಿಕಾರಿ ಓಂಕಾರಪ್ಪನವರು ಮೂರು ವರ್ಷ ಸತತ ಪ್ರಶಂಸಾಪತ್ರ ಪಡೆದಿದ್ದಾರೆ.

ಗೇಟಿನ ಕಾವಲುಗಾರರಿಗೆಂದು ಬಂದ ನಲವತ್ತು ದಪ್ಪ ಜಾಕೆಟ್‌ಗಳನ್ನು ಅವರು ಒಂದೇ ಟ್ರಂಕಿಗೆ ತುಂಬಿಸಿದರು. ಮುಚ್ಚಳ ಹಾಕಲು ಇಬ್ಬರು ಮೇಲೆ ಕೂರಬೇಕಾಯಿತು. ಆಮೇಲೆ ಅದರ ಮೇಲೊಂದು ಕೆಟ್ಟ ಮೋಟರು ಇಟ್ಟರು. ವಿತರಣೆಯ ಆದೇಶ ಬರುವಷ್ಟರಲ್ಲಿ ಎರಡು ಚಳಿಗಾಲ ಕಳೆದಿದ್ದವು.

ಮೊದಲ ಜಾಕೆಟ್ ಸಿಕ್ಕಿದ್ದು ಮಾರಿಕುಪ್ಪಂನಿಂದ ಬೆಳಗಿನ ಪಾಳಿಗೆ ನಡೆದು ಬರುವ ಕಾವಲುಗಾರ ಕೋದಂಡಪ್ಪನಿಗೆ. ವಯಸ್ಸು ಐವತ್ತೆಂಟು, ಎದೆಯಲ್ಲಿ ಕೆಮ್ಮು; ಅವನಿಗೆ ಬೇಕಿದ್ದುದು ಬೆಚ್ಚಗಿನದೊಂದು ಅಂಗಿ, ಅಷ್ಟೆ. ಜಾಕೆಟ್ ಹಪ್ಪಳದಂತಿತ್ತು. ಮಂಜಿನಲ್ಲಿ ಒಂದು ತಾಸು ನಿಂತು ಉಗ್ರಾಣಕ್ಕೆ ವಾಪಸು ಬಂದ.

"ಇದ್ನ ಆಕ್ಕೊಂಡ್ರೂ ಒಂದೇ, ಬಿಟ್ರೂ ಒಂದೇ ಸಾ."

"ದಾಸ್ತಾನು ಪುಸ್ತಕದಲ್ಲಿ ಬೆಚ್ಚಗಿನ ಜಾಕೆಟ್ ಅಂತಲೇ ಇದೆಯಲ್ಲಪ್ಪ," ಎಂದರು ಓಂಕಾರಪ್ಪ.

ಸುರಕ್ಷತಾ ವಿಭಾಗದ ಶ್ವೇತ ಜಾಕೆಟ್ ಹಿಸುಕಿ ನೋಡಿದಳು. "ಸರ್, ಬೆಚ್ಚಗಿಡೋದು ಒಳಗಿನ ನಾರಿನ ಮಧ್ಯೆ ನಿಂತ ಗಾಳಿ. ವರ್ಷಗಟ್ಟಲೆ ಅಮುಕಿಟ್ಟರೆ ನಾರು ಮತ್ತೆ ಮೇಲೇಳಲ್ಲ. ಸಡಿಲವಾಗಿ ನೇತುಹಾಕಬೇಕಿತ್ತು."

"ಗಾಳಿಯನ್ನ ನಾವು ತರಿಸಿಲ್ಲವಲ್ಲಮ್ಮ. ಪುಸ್ತಕದಲ್ಲಿ ಇಲ್ಲದ್ದನ್ನ ಹೇಗೆ ಕೊಡಲಿ?"

ಆಡಳಿತ ಮಾತ್ರ ಕಲ್ಲೆದೆಯದಲ್ಲ. ಹದಿನೈದೇ ದಿನದಲ್ಲಿ ಸುತ್ತೋಲೆ ಹೊರಟಿತು: 'ಜಾಕೆಟ್‌ಗಳು ಪೂರ್ವಸ್ಥಿತಿಗೆ ಬರುವವರೆಗೆ ಬೆಚ್ಚಗಿನ, ತೇವವಿಲ್ಲದ ಕೊಠಡಿಯಲ್ಲಿ ಒಂದಕ್ಕೊಂದು ತಾಗದಂತೆ ನೇತುಹಾಕತಕ್ಕದ್ದು. ಧರಿಸುವುದೂ ಅಮುಕಿದಂತೆಯೇ ಆದುದರಿಂದ ಯಾರೂ ಧರಿಸತಕ್ಕದ್ದಲ್ಲ.'

"ದೇವ್ರು ಕೊಟ್ರೂ ಪೂಜಾರಿ ಕೊಡಲ್ಲ ಅನ್ನಂಗಾಯ್ತು," ಎಂದ ಕೋದಂಡಪ್ಪ. ಪಾಪ, ಅವನಿಗೆ ನಿಜಕ್ಕೂ ಬೇಸರವಾಗಿತ್ತು.

ಉಗ್ರಾಣದಲ್ಲಿ ಜಾಗ ಬೇಕಾದಷ್ಟಿತ್ತು. ಆದರೆ ಅದನ್ನು ಬಳಸಿದರೆ ನಾಲ್ಕನೆಯ ಪ್ರಶಂಸಾಪತ್ರ ಬರುವಂತಿರಲಿಲ್ಲ. ಬೆಚ್ಚಗಿನ ಇನ್ನೊಂದು ಕೊಠಡಿಯೆಂದರೆ ಗೇಟಿನ ಪಕ್ಕದ್ದು, ಕಾವಲುಗಾರರು ಕೂರುವಂಥದ್ದು. ಕುರ್ಚಿ ಹೊರಗೆ ಬಂತು, ಜಾಕೆಟ್‌ಗಳು ಒಳಗೆ ಹೋದವು.

ಪ್ರತಿ ಸೋಮವಾರ ಶ್ವೇತ ಸ್ಕೇಲು ಹಿಡಿದು ದಪ್ಪ ಅಳೆಯುತ್ತಾಳೆ. ಎರಡು ತಿಂಗಳಲ್ಲಿ ಅರ್ಧ ಬೆರಳು ಏರಿದೆ. ಪ್ರಗತಿ ತೃಪ್ತಿಕರ ಎಂದು ಓಂಕಾರಪ್ಪನವರು ಷರಾ ಬರೆದಿದ್ದಾರೆ.

ಕೋದಂಡಪ್ಪ ಈಗ ಹೆಂಡತಿಯ ಶಾಲು ಹೊದ್ದು ಹೊರಗೆ ಕೂರುತ್ತಾನೆ. ಮೊನ್ನೆ ಬೆಳಗ್ಗೆ ತಿಂಡಿ ತಂದ ಹೆಂಡತಿ ಅಮ್ಮಾಜಮ್ಮ ಕೊಠಡಿಯ ಬಾಗಿಲು ತೆರೆದು ಇಣುಕಿದಳು.

"ಇಷ್ಟೊಂದು ನೇತಾಕವ್ರಲ್ಲ, ಒಂದ್ನ ಆಕ್ಕೊಂಡ್ರೆ ಏನಾಯ್ತದೆ?"

ಕೋದಂಡಪ್ಪ ಕೆಮ್ಮುತ್ತಾ ಎದ್ದ.

"ಮೊದ್ಲು ಬಾಗ್ಲು ಆಕ್ಲೇ. ಅವಕ್ಕೆ ಚಳಿ ಆಯ್ತದೆ."

ಅಮ್ಮಾಜಮ್ಮ ಒಮ್ಮೆ ಅವನನ್ನು, ಒಮ್ಮೆ ಜಾಕೆಟ್‌ಗಳನ್ನು ನೋಡಿ, ಸದ್ದಾಗದಂತೆ ಬಾಗಿಲು ಹಾಕಿದಳು.